ಗಡಿ ದಾಟಿದ ಕ್ಷೌರದ ಕುರ್ಚಿ

ಡೆಲ್ಬರ್ಟ್ ಕ್ರೌಸ್‌ನ ತಾಪತ್ರಯಕ್ಕೆಲ್ಲ ಕಾರಣ ಒಂದು ಹಳದಿ ಗೆರೆ. ಊರಿನ ದೊಡ್ಡ ಬೀದಿಯ ನಟ್ಟನಡುವೆ ಎಳೆದಿದ್ದ ಆ ಗೆರೆಯ ಈಚೆ ಟೆನೆಸಿ ರಾಜ್ಯ, ಆಚೆ ವರ್ಜೀನಿಯಾ ರಾಜ್ಯ. ಅವನ ಮನೆ ಟೆನೆಸಿಯಲ್ಲಿ. ಅಲ್ಲಿ ದುಡಿಮೆಗೆ ರಾಜ್ಯದ ತೆರಿಗೆಯಿಲ್ಲ. ಕ್ಷೌರದಂಗಡಿ ವರ್ಜೀನಿಯಾದಲ್ಲಿ, ಅಲ್ಲಿ ಕತ್ತರಿ ಆಡಿಸಿದ್ದಕ್ಕೆಲ್ಲ ತೆರಿಗೆ. ಊರವರ ತಲೆ ಬೋಳಿಸುವವನನ್ನು ವರ್ಷವರ್ಷವೂ ವರ್ಜೀನಿಯಾ ಬೋಳಿಸುತ್ತಿತ್ತು.

"ಕುರ್ಚಿ ಎತ್ಕೊಂಡು ಈಚೆ ಬಂದ್ಬಿಡೋ ಮಾರಾಯ! ಎದುರಿಗೇ ಚಪ್ಪಲಿ ಅಂಗಡಿ ಖಾಲಿ ಬಿದ್ದಿದೆ," ಎಂದ ನೆರೆಮನೆಯ ವೆಂಡೆಲ್. ನಿವೃತ್ತ ಅಂಚೆಯವನು, ಜೀವಮಾನವಿಡೀ ತೆರಿಗೆ ಲಕೋಟೆ ಹಂಚಿ ಹಂಚಿ ಒಳಗಿನ ವಿದ್ಯೆಯೂ ಕೈಗೆ ಅಂಟಿದೆಯೆಂದು ನಂಬಿದ್ದ.

ಹೆಂಡತಿ ಲರ್ಲೀನ್‌ಗೆ ಆಮೇಲೆ ಹೇಳಿ ಬೆರಗುಗೊಳಿಸೋಣವೆಂದು ಡೆಲ್ಬರ್ಟ್ ಶನಿವಾರವೇ ಕುರ್ಚಿ ಕಿತ್ತು ತಳ್ಳುಗಾಡಿಗೇರಿಸಿದ. ಅದರಲ್ಲಿ ಕೂತಿದ್ದ ಹಾಲಿಸ್ ಮುದುಕ ಇಳಿಯಲೊಲ್ಲ. "ಅರ್ಧ ಗಡ್ಡ ಬಿಟ್ಟು ಇಳಿಯೋಕೆ ನಾನೇನು ಹುಚ್ಚನಾ? ತಳ್ಳಯ್ಯ!"

ನೊರೆ ಮೆತ್ತಿದ ಹಾಲಿಸ್ ಪಟ್ಟದ ದೊರೆಯಂತೆ ಹೊರಟ. ಸರಿಯಾಗಿ ಹಳದಿ ಗೆರೆಯ ಮೇಲೆ ಚಕ್ರ ಮುರಿಯಿತು. ಎರಡೂ ಕಡೆ ಕಾರುಗಳ ಅರಚಾಟ. ಎರಡೂ ರಾಜ್ಯದ ಪೊಲೀಸರು ಬಂದರು.

"ಕುರ್ಚಿ ನಿಮ್ಮ ಕಡೇದು, ಕೇಸ್ ನೀವೇ ಬರ್ಕೊಳ್ಳಿ," ಎಂದ ಟೆನೆಸಿಯವನು.

"ಕಾಲು ನಿಮ್ಮಲ್ಲಿ ಚಾಚಿದಾನೆ, ನಿಮ್ಮೋನೇ!" ಎಂದ ವರ್ಜೀನಿಯಾದವನು, ಪೀಡೆ ತೊಲಗಲಿ ಎಂದು ತಾನೇ ಭುಜ ಕೊಟ್ಟು ಕುರ್ಚಿಯನ್ನು ಟೆನೆಸಿಯ ಕಡೆಗೆ ನೂಕಿದ.

ಸಂಜೆ ಡೆಲ್ಬರ್ಟ್ ಸಿಳ್ಳೆ ಹಾಕುತ್ತ ಮನೆಗೆ ಬಂದರೆ, ಅಪರಿಚಿತ ಹೆಂಗಸೊಬ್ಬಳು ಅಲ್ಲಿ ಪರದೆ ಕಟ್ಟುತ್ತಿದ್ದಳು. "ಲರ್ಲೀನಾ? ಬೀದಿಯಾಚೆ ನೀಲಿ ಮನೆಗೆ ಹೋದ್ರಲ್ಲ!"

ಅವನು ಎದ್ದುಬಿದ್ದು ಗೆರೆ ದಾಟಿ ಓಡಿದ. ನೀಲಿ ಮನೆಯ ಮೆಟ್ಟಿಲ ಮೇಲೆ ಲರ್ಲೀನ್ ನಗುತ್ತ ನಿಂತಿದ್ದಳು. ಹಿಂದೆ ವೆಂಡೆಲ್, ತಲೆಯ ಮೇಲೆ ಹಾಸಿಗೆ.

"ಹೇಗಿದೆ? ಮನೆ ಅಲ್ಲಿ, ಅಂಗಡಿ ಇಲ್ಲಿ ಅಂತ ಗೊಣಗ್ತಿದ್ರಲ್ಲ, ಅಂಗಡಿ ಹತ್ರಾನೇ ಮನೆ ಹಿಡಿದೆ. ಹಳೇದು ಬಿಟ್ಟುಕೊಟ್ಟಾಯ್ತು!"

ಡೆಲ್ಬರ್ಟ್ ಗೆರೆಯ ಆ ಬದಿಗೆ ಕೈ ತೋರಿಸಿದ. "ಆದ್ರೆ ಅಂಗಡಿ ಈಗ ಟೆನೆಸೀಲಿದೆ ಕಣೇ... ತೆರಿಗೆ ಇಲ್ಲ ತಾನೆ, ವೆಂಡೆಲ್?"

"ವರ್ಜೀನಿಯಾದಲ್ಲಿ ವಾಸ ಮಾಡೋನು ಚಂದ್ರಲೋಕದಲ್ಲಿ ಕ್ಷೌರ ಮಾಡಿದ್ರೂ ವರ್ಜೀನಿಯಾಗೇ ಕಟ್ಬೇಕಪ್ಪ."

"ಮತ್ತೆ ಇವಳಿಗೆ ಮನೆ ಹಿಡಿ ಅಂದೋರು ಯಾರು?"

"ನಾನೇ. ನೀನು ಅಂಗಡಿ ವಿಷಯ ಕೇಳ್ದೆ, ಅದನ್ನ ಹೇಳ್ದೆ. ಅವಳು ಮನೆ ವಿಷಯ ಕೇಳಿದ್ಲು, ಅದನ್ನ ಹೇಳ್ದೆ. ಗಂಡ ಹೆಂಡ್ತಿ ಪರಸ್ಪರ ಮಾತಾಡ್ಬೇಕು ಅಂತಾನೂ ನಾನೇ ಹೇಳ್ಕೊಡ್ಬೇಕಾ? ಹೂಂ, ಹಾಸಿಗೆಯ ಆ ತುದಿ ಹಿಡ್ಕೋ."