ಮೋಟಾರಿನ ಪಾರಾಯಣ

‘ನನಗೆ ಗೊತ್ತಿಲ್ಲ’ ಎಂಬುದು ಬಹಳ ಸಣ್ಣ ಮಾತು. ನಮ್ಮ ಶಾಲೆಯ ಮಕ್ಕಳು ದಿನಕ್ಕೆ ನೂರು ಸಲ ಅದನ್ನು ಹೇಳಿ ಸುಖವಾಗಿ ಮನೆಗೆ ಹೋಗುತ್ತಾರೆ. ಆದರೆ ನಂಜನಗೂಡಿನಲ್ಲಿ ಇಂಗ್ಲಿಷ್ ಮೇಷ್ಟ್ರು ಎನಿಸಿಕೊಂಡ ದಿನದಿಂದ ನನ್ನ ನಾಲಗೆ ಮಾತ್ರ ಆ ಮಾತಿಗೆ ಹೊರಳದೆ ಹೋಯಿತು. ತಂತಿ ಬಂದರೂ ನನ್ನ ಹತ್ತಿರ, ಔಷಧದ ಬಾಟಲಿ ಬಂದರೂ ನನ್ನ ಹತ್ತಿರ, ಬಿಸ್ಕತ್ತಿನ ಡಬ್ಬಿಯ ಮೇಲಿನ ಬರಹ ತಿಳಿಯಬೇಕಾದರೂ ನನ್ನ ಹತ್ತಿರವೇ. ಒಮ್ಮೆ ಬಿಳಿಗೆರೆಯ ಶಾನುಭೋಗರು ತಮ್ಮ ಮಂಡಿನೋವಿನ ಔಷಧವನ್ನು ತಂದು ತೋರಿಸಿದರು. ಚೀಟಿಯ ಮೇಲೆ ‘ಕುದುರೆಗಳಿಗೆ ಮಾತ್ರ’ ಎಂದಿತ್ತು. ಅಷ್ಟು ಹೊತ್ತಿಗೆ ಅವರು ಅದನ್ನು ಒಂದು ವಾರ ತಿಕ್ಕಿಕೊಂಡು ಗುಣವಾಗಿಬಿಟ್ಟಿದ್ದರು. ಇನ್ನು ಹೇಳಿ ಅವರ ಮನಸ್ಸು ನೋಯಿಸುವುದೇಕೆ ಎಂದು, ‘ಬಹಳ ಒಳ್ಳೆಯ ಔಷಧ’ ಎಂದೆ. ಅದು ಗೊತ್ತಿದ್ದು ಹೇಳಿದ ಸುಳ್ಳು. ಗೊತ್ತಿಲ್ಲದೆ ಎರಡು ತಿಂಗಳು ಹೇಳಿದ ಸುಳ್ಳೊಂದಿದೆ, ಅದನ್ನು ಈಗ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಹದಿನಾರು ಎಂಬ ಹಳ್ಳಿಯ ಪಟೇಲರು ಪುಟ್ಟಸ್ವಾಮಿಗೌಡರು. ಎತ್ತಿನ ಗಾಡಿ ಓಡಿಸುವುದರಲ್ಲಿ ಸುತ್ತಮುತ್ತ ಅವರನ್ನು ಹಿಂದೆ ಹಾಕಿದವರಿರಲಿಲ್ಲ. ಆಗ ಮೋಟಾರು ಎಂದರೆ ಊರಿಗೆ ಊರೇ ಹೊಲ ಬಿಟ್ಟು ನೋಡಲು ಓಡಿ ಬರುವ ಕಾಲ. ಊಟಿಯ ಕಡೆ ತೋಟ ಮಾಡಿಕೊಂಡಿದ್ದ ಬಿಳಿ ದೊರೆಯೊಬ್ಬ ಮೈಸೂರಿಗೆ ಹೋಗುವಾಗ ನಂಜನಗೂಡಿನ ಆಚೆ ತನ್ನ ಮೋಟಾರನ್ನು ಹಳ್ಳಕ್ಕೆ ಇಳಿಸಿದ. ಅದು ಸಾಮಾನ್ಯ ಮೋಟಾರಲ್ಲ, ಪಂದ್ಯಕ್ಕೆಂದೇ ಕಟ್ಟಿದ್ದು. ಇಬ್ಬರು ಕೂರುವಷ್ಟು ಜಾಗ, ಉಳಿದದ್ದೆಲ್ಲ ಎಂಜಿನ್ನು. ಹಳ್ಳದಿಂದ ಎಳೆದು ತೆಗೆದಾಗ ಮುಂದಿನ ಅಚ್ಚು ಬಿಲ್ಲಿನ ಹಾಗೆ ಬಗ್ಗಿತ್ತು, ನೀರಿನ ತೊಟ್ಟಿ ಒಡೆದಿತ್ತು. ದೊರೆಗೆ ಬೇಸರ ಬಂದು ಅದನ್ನು ಗೌಡರಿಗೆ ಮಾರಿದ. ತನ್ನ ಇನ್ನೊಂದು ಮೋಟಾರಿನಲ್ಲಿ ಹದಿನೈದು ದಿನ ಅವರಿಗೆ ಓಡಿಸಲು ಕಲಿಸಿ ಸೀಮೆಗೆ ಹಡಗು ಹತ್ತಿದ. ಗೌಡರು ಆ ಮುರುಕನ್ನು ನಾಲ್ಕು ಜೊತೆ ಎತ್ತು ಕಟ್ಟಿಸಿ ಊರಿಗೆ ಎಳೆಸಿದರು. ಆಮೇಲೆ ನನಗೆ ಗಾಡಿ ಕಳಿಸಿದರು.

ಹೋಗಿ ನೋಡುತ್ತೇನೆ, ಊರಿನ ಕಮ್ಮಾರ ಮುದ್ದಾಚಾರಿಯ ಕುಲುಮೆಯ ಮುಂದೆ, ಹೊಂಗೆ ಮರದ ಕೆಳಗೆ, ಮೋಟಾರು ನಿಂತಿದೆ. ಅದರ ಮುಂದೆ ಮಣೆ, ಮಣೆಯ ಮೇಲೆ ವೀಳ್ಯದೆಲೆ, ಎಲೆಯ ಮೇಲೆ ದೊರೆ ಮೋಟಾರಿನ ಜೊತೆ ಕೊಟ್ಟಿದ್ದ ಒಂದು ದಪ್ಪ ಪುಸ್ತಕ, ಪುಸ್ತಕಕ್ಕೆ ಅರಿಶಿನ ಕುಂಕುಮ. ಊರಿನ ಅರ್ಧ ಜನ ಅಲ್ಲಿ ಕುಳಿತಿದ್ದರು. ಗೌಡರು ಎದ್ದು ನಿಂತು ಹೇಳಿದರು: “ಬನ್ನಿ ಮೇಷ್ಟ್ರೇ. ದಸರಾ ಟೈಮ್ಗೆ ಮೈಸೂರ್ನಲ್ಲಿ ಕುದ್ರೆ ಓಡಿಸೋ ಬಯಲಲ್ಲಿ ಮೋಟಾರ್ ಓಟ ಐತಂತೆ. ನಮ್ ಗಾಡಿ ಅಲ್ಲಿ ಓಡ್ಬೇಕು. ನಮ್ ಆಚಾರಿ ಕೈ ಏನೋ ಗಟ್ಟಿ. ಆದ್ರೆ ಇದು ಗುದ್ಲಿ ಅಲ್ಲ, ನೇಗಿಲೂ ಅಲ್ಲ. ಪುಸ್ತಕ ಏಳ್ದಂಗೇ ಆಗ್ಬೇಕು. ನೀವು ಓದಿ, ಅವ್ನು ಮಾಡ್ಲಿ. ಆಗಲ್ಲ ಅಂದ್ರೆ ಈಗ್ಲೇ ಏಳ್ಬುಡಿ, ರೈಲ್ಗಾಕಿ ಮದ್ರಾಸ್ಗೆ ಕಳಿಸ್ಬುಡ್ತೀನಿ.”

ಮುದ್ದಾಚಾರಿಗೆ ಐವತ್ತರ ಹತ್ತಿರ ವಯಸ್ಸು. ಒಣಕಲು ಮೈ, ಕೆಂಡ ನೋಡಿ ನೋಡಿ ಕಿರಿದಾದ ಕಣ್ಣು. ಗೌಡರು ಮಾತನಾಡುತ್ತಿದ್ದಾಗ ಅವನು ಮೋಟಾರಿನ ಹಿಂದೆ ನಿಂತು ಒಂದು ಬೆರಳಿನಿಂದ ಚಕ್ರ ತಿರುಗಿಸುವ ಸರಪಣಿಯನ್ನು ಮುಟ್ಟುತ್ತಿದ್ದ, ಗೌಡರು ತಿರುಗಿದ ಕೂಡಲೇ ಬೆರಳು ತೆಗೆಯುತ್ತಿದ್ದ. “ಅದೇನ್ ಮಹಾ, ಓದಿದರಾಯಿತು” ಎಂದು ನಾನು ಜಂಭದಿಂದ ಪುಸ್ತಕ ಬಿಡಿಸಿದೆ. ಅಕ್ಷರವೆಲ್ಲ ಇಂಗ್ಲಿಷಿನದೇ, ಮಾತು ಮಾತ್ರ ಇಂಗ್ಲಿಷಲ್ಲ! ಅಕ್ಷರಗಳ ತಲೆಯ ಮೇಲೆ ಗೊದಮೊಟ್ಟೆಯಂಥ ಸಣ್ಣ ಸಣ್ಣ ಗೆರೆ ಬೇರೆ. ಮೊದಲ ಪುಟದ ಕೆಳಗೆ ಪ್ಯಾರಿಸ್ ಎಂದಿತ್ತು. ಅಯ್ಯೋ ಶಿವನೇ, ಇದು ಫ್ರೆಂಚು! ಆ ಕ್ಷಣದಲ್ಲೇ ‘ನನಗೆ ಗೊತ್ತಿಲ್ಲ’ ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಹೇಳಬೇಕೆಂದು ತಲೆಯೆತ್ತಿದೆ. ಅಷ್ಟೂ ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಬ್ಬ ಮುದುಕಿ ಆಗಲೇ ಕೈಮುಗಿದಿದ್ದಳು.

ಈಗ ನಮ್ಮ ಮನೆತನದ ವಿಷಯ ಒಂದಿಷ್ಟು ಹೇಳಬೇಕು. ನಮ್ಮ ಅಜ್ಜ, ಅಪ್ಪ ಇಬ್ಬರೂ ದೇವಸ್ಥಾನದಲ್ಲಿ ಪಾರಾಯಣ ಮಾಡಿಕೊಂಡು ಬಂದವರು. ನನಗೂ ಏಳನೆಯ ವಯಸ್ಸಿನಿಂದ ಬಾಯಿಪಾಠ ಮಾಡಿಸಿದ್ದರು. ಅರ್ಥ ಕೇಳಿದರೆ ಅಪ್ಪ, “ಮೊದಲು ಸ್ವರ ಸರಿ ಮಾಡಿಕೋ” ಎಂದು ಗದರುತ್ತಿದ್ದರು. ಹೀಗಾಗಿ ಅರ್ಥ ತಿಳಿಯದ್ದನ್ನು ಗಂಭೀರವಾಗಿ, ತಡವರಿಸದೆ, ಗಂಟೆಗಟ್ಟಲೆ ಓದುವ ವಿದ್ಯೆ ನನಗೆ ರಕ್ತದಲ್ಲೇ ಬಂದಿತ್ತು. ಗಂಟಲು ಸರಿಮಾಡಿಕೊಂಡೆ. ಫ್ರೆಂಚನ್ನು ಹೇಗೆ ಉಚ್ಚರಿಸುತ್ತಾರೋ ನನಗೆ ತಿಳಿಯದು. ಸ್ವರ ಏರಿಸಿ, ಇಳಿಸಿ, ಪದದ ಕೊನೆಯಲ್ಲಿ ಎಳೆದು ಪಾರಾಯಣ ಮಾಡಿಬಿಟ್ಟೆ. ಗೌಡರು ರುಮಾಲು ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೇಳಿದರು. ಪುಟ ಮುಗಿದಾಗ, “ಏನಂತ?” ಎಂದರು. ಪಕ್ಕದಲ್ಲಿದ್ದ ಚಿತ್ರದಲ್ಲಿ ಚಕ್ರವಿತ್ತು. “ಮೊದಲು ಅಚ್ಚು ನೆಟ್ಟಗೆ ಮಾಡಬೇಕಂತೆ” ಎಂದೆ. ಮುದ್ದಾಚಾರಿ ತಲೆಯಾಡಿಸಿ ತಿದಿ ಒತ್ತಿದ.

ಅಂದಿನಿಂದ ಪ್ರತಿ ಭಾನುವಾರ ನನಗೆ ಇದೇ ಕೆಲಸವಾಯಿತು. ಬೆಳಿಗ್ಗೆ ಗಾಡಿ ಬರುತ್ತಿತ್ತು. ನಾನು ಓದಬೇಕು, ಆಮೇಲೆ ಆಚಾರಿ ಕಬ್ಬಿಣ ಮುಟ್ಟಬೇಕು, ಇದು ಗೌಡರ ಕಟ್ಟಪ್ಪಣೆ. ಭಯವಿತ್ತು, ನಿಜ. ಆದರೆ ಆ ಯಂತ್ರದ ಒಳಗೆ ಏನಿದೆ ಎಂದು ನೋಡುವ ಆಸೆ ಭಯಕ್ಕಿಂತ ದೊಡ್ಡದಾಗಿತ್ತು. ನಾಲ್ಕು ಉಕ್ಕಿನ ಕೊಳವೆ, ಒಳಗೆ ಮೇಲೆ ಕೆಳಗೆ ಆಡುವ ನಾಲ್ಕು ಗುಂಡುಗಳು. ಎಣ್ಣೆಯ ಹಬೆಗೆ ಕಿಡಿ ತಗಲಿದರೆ ಗುಂಡು ಕೆಳಕ್ಕೆ ಒದೆಸಿಕೊಂಡು ಓಡುತ್ತದೆ, ಆ ಒದೆತದಿಂದ ಚಕ್ರ ಸುತ್ತುತ್ತದೆ! ಹಾಗಾದರೆ ಮೇಲಕ್ಕೆ ತಳ್ಳುವುದು ಯಾರು? ಹೊಗೆ ಹೊರಗೆ ಹೋಗಬೇಕೆಂದು ಬಾಗಿಲಿಗೆ ಹೇಳುವವರು ಯಾರು? ನಾನು ಬಗ್ಗಿ ಬಗ್ಗಿ ಕೇಳುತ್ತಿದ್ದೆ. ಆಚಾರಿ ಕೈಯಿಂದ ಮೆಲ್ಲಗೆ ತಿರುಗಿಸಿ ತೋರಿಸುತ್ತಿದ್ದ. ಓದುವವನು ನಾನು, ತಿಳಿಸಿಕೊಡುವವನು ಅವನು. ಇದರಲ್ಲಿ ಏನೋ ತಿರುವುಮುರುವಾಗಿದೆ ಎಂದು ನನಗೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಅಚ್ಚು ನೆಟ್ಟಗಾಯಿತು. ತೊಟ್ಟಿಗೆ ತವರದ ಬೆಸುಗೆ ಬಿತ್ತು. ಹಗುರವಾಗಲಿ ಎಂದು ಚಕ್ರದ ಮೇಲಿನ ತಗಡು, ದೀಪ, ಮೆತ್ತೆ ಎಲ್ಲ ಕಳಚಿ, ಕೂರಲು ತೆಳುವಾದ ಹಲಗೆ ಬಂತು. ಸರಪಣಿ ಎಳೆಯುವ ಮುಂದಿನ ಹಲ್ಲುಚಕ್ರವನ್ನು ಆಚಾರಿ ಹೊಸದಾಗಿ ಕಡಿದು, ಎರಡು ಹಲ್ಲು ಹೆಚ್ಚು ಮಾಡಿದ. “ಗಾಣದಲ್ಲಿ ಇಂಗೇ ಅಲ್ವಾ ಬುದ್ದಿ? ಇಲ್ಲಿ ಅಲ್ಲು ಜಾಸ್ತಿ ಆದ್ರೆ ಇಂದಿನ್ ಚಕ್ರ ಬಿರ್ರನೆ ಸುತ್ತತದೆ. ಪುಸ್ತಕದಲ್ಲೂ ಅಂಗೇ ಐತಾ?” ಎಂದ. ನಾನು ಎರಡು ಪುಟ ಹಾಡಿ, “ಹೌದು, ಹಾಗೇ ಇದೆ” ಎಂದೆ. ಎಂಜಿನ್ನನ್ನೂ ಚಕ್ರವನ್ನೂ ಕೂಡಿಸುವ ಜಾಗದಲ್ಲಿ ಒಂದು ಚರ್ಮದ ಪಟ್ಟಿಯಿತ್ತು, ಅದು ಜಾರುತ್ತಿತ್ತು. ಅದಕ್ಕೆ ಜಟಕಾ ಕುದುರೆಯ ಪಟ್ಟಿಯ ಚರ್ಮ ಕೂರಿಸಿ, ಜಾರದಿರಲೆಂದು ನನ್ನ ಶಾಲೆಯ ಸೀಮೆಸುಣ್ಣವನ್ನು ಪುಡಿಮಾಡಿ ಉದುರಿಸಿದ. ಸೀಮೆಸುಣ್ಣ ಇಷ್ಟು ಬೇಗ ಹೇಗೆ ಮುಗಿಯುತ್ತದೆ ಎಂದು ಹೆಡ್ಮಾಸ್ಟರು ಕೇಳಿದಾಗ, ಈ ವರ್ಷ ವ್ಯಾಕರಣ ಹೆಚ್ಚು ಎಂದೆ.

ಒಂದೇ ಒಂದು ವಿಷಯ ಮಾತ್ರ ನನ್ನ ಬಾಯಿಂದ ಹೊರಟದ್ದು. ಒಂದು ಭಾನುವಾರ ಗೌಡರು ಇದ್ದಕ್ಕಿದ್ದ ಹಾಗೆ, “ಒಳಕ್ಕೆ ಯಾವ ಎಣ್ಣೆ ಆಕ್ಬೇಕಂತೆ ಮೇಷ್ಟ್ರೇ?” ಎಂದರು. ಆ ಬೆಳಿಗ್ಗೆ ಅಭ್ಯಂಜನ ಮಾಡಿ ಬಂದಿದ್ದೆ, ನೆತ್ತಿ ಇನ್ನೂ ಜಿಡ್ಡು ಜಿಡ್ಡಾಗಿತ್ತು. “ಹರಳೆಣ್ಣೆ!” ಎಂದುಬಿಟ್ಟೆ. ಹೇಳಿದ ಮೇಲೆ ನಾನೇ ಬೆವತೆ. ಗಾಣದಿಂದ ಎರಡು ಡಬ್ಬ ಬಂತು, ಹುಯ್ದರು. ಎಂಜಿನ್ನು ಹಾಲು ಕುಡಿದ ಮಗುವಿನ ಹಾಗೆ ಸದ್ದು ಮೆತ್ತಗೆ ಮಾಡಿಕೊಂಡು ತಿರುಗಿತು. ಇದು ಹೇಗೆ ಸರಿಹೋಯಿತೆಂದು ನನಗೆ ಇವತ್ತಿಗೂ ಬೆರಗು.

ಪಂದ್ಯಕ್ಕೆ ಎಂಟು ದಿನ ಇದ್ದಾಗ ಗೌಡರು ಗಾಡಿಯನ್ನು ತಿರುಮಕೂಡಲಿನವರೆಗೆ ಓಡಿಸಿ ನೋಡೋಣ ಎಂದರು. ಅದರ ಪಕ್ಕದ ನರಸೀಪುರ ನನ್ನ ಹೆಂಡತಿ ಸೀತೆಯ ತವರು. ಮಾವನ ಮುಂದೆ ಮೋಟಾರಿನಿಂದ ಇಳಿಯುವ ಚಪಲಕ್ಕೆ ನಾನೂ ಹಿಂದಿನ ಎಣ್ಣೆಪೀಪಾಯಿಯ ಮೇಲೆ ಕುಳಿತೆ. ಗೌಡರ ಕೈಯಲ್ಲಿ ಚುಕ್ಕಾಣಿ, ಪಕ್ಕದಲ್ಲಿ ಆಚಾರಿ. ಹೊರಟಿತು ನೋಡಿ! ಗಾಳಿಗೆ ನನ್ನ ಪೇಟ ಯಾರದೋ ಕಬ್ಬಿನ ಗದ್ದೆಗೆ ಹೋಯಿತು. ದಾರಿಯ ಎತ್ತುಗಳೆಲ್ಲ ಹೊಲಕ್ಕೆ ಹಾರಿದವು. ಮಾವನ ಮನೆಯ ಮುಂದೆ ನಿಲ್ಲಬೇಕಾದ ಮೋಟಾರು ನಿಲ್ಲಲಿಲ್ಲ. ಗೌಡರು ಬಿರಿ ಹಾಕಲು ಕಾಲು ಒತ್ತಿದರು, ಕೈಗೋಲು ಎಳೆದರು, “ಹೋ ಹೋ” ಎಂದು ಎತ್ತಿಗೆ ಹೇಳುವ ಹಾಗೂ ಹೇಳಿದರು. ಮಾವ ಜಗುಲಿಯಲ್ಲಿ ನಿಂತು ನನ್ನನ್ನು ನೋಡಿದ್ದು, ನಾನು ಅವರಿಗೆ ನಮಸ್ಕಾರ ಮಾಡಿದ್ದು, ಬೀದಿ ಮುಗಿದು ಹೊಳೆಯ ಇಳಿಜಾರು ಬಂದದ್ದು, ಎಲ್ಲ ಒಂದೇ ಉಸಿರಿನಲ್ಲಿ. ಮುಂದಿನ ಚಕ್ರ ನೀರು ಮುಟ್ಟಿದ ಮೇಲೆ ಮರಳಿನಲ್ಲಿ ಹೂತು ನಿಂತಿತು.

ಗೌಡರು ನಕ್ಕರು. “ಬಿರಿ ಇಡೀಲಿಲ್ಲ ಕಣ್ಲಾ ಆಚಾರಿ. ಮೇಷ್ಟ್ರೇ, ಬರೋ ಭಾನ್ವಾರ ಬಿರಿ ಅಧ್ಯಾಯ ಇನ್ನೊಂದ್ ಸಲ ಓದ್ಬುಡಿ” ಎಂದರು. ನನಗೆ ನಗು ಬರಲಿಲ್ಲ. ಮನೆಗೆ ಬಂದು ಸೀತೆಗೆ ನಡೆದದ್ದೆಲ್ಲ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. “ಅಲ್ಲಾ ಅಂದ್ರೆ, ಆ ಗಾಡೀಲಿ ಕೂರೋರು ಗೌಡರು, ಆಚಾರಿ. ನೀವಲ್ಲ. ಅವರ ಹೆಂಡತೀರು ಸೋಮವಾರ ದೇವಸ್ಥಾನಕ್ಕೆ ಬಂದಾಗ ಅವರ ಮುಖ ನೋಡೋಳು ನಾನು. ನಿಮ್ಮ ಒಣ ಮರ್ಯಾದೆಗೆ ಅವರ ಪ್ರಾಣ ತೆಗೀತೀರಾ?” ಎಂದಳು. ಬಿರಿಯ ಅಧ್ಯಾಯ ಯಾವುದೆಂದು ನನಗೆ ಗೊತ್ತಿರಲಿಲ್ಲ. ಆದರೂ ಆ ಭಾನುವಾರ ಹೋಗಿ ಏನೋ ಒಂದನ್ನು ಓದಿಬಂದೆ. ಇದಕ್ಕಿಂತ ನಾಚಿಕೆಗೇಡು ಬೇಕೆ?

ಪಂದ್ಯದ ಬೆಳಿಗ್ಗೆ ಮೈಸೂರಿನ ಬಯಲಿನಲ್ಲಿ ಜನವೋ ಜನ. ನಾಲ್ಕು ಮೋಟಾರು ಸಾಲಾಗಿ ನಿಂತಿದ್ದವು. ಗೌಡರು ಜರಿಯ ರುಮಾಲು ಬಿಗಿದುಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಮುದ್ದಾಚಾರಿಯ ತೋಳು ಹಿಡಿದು ಡೇರೆಯ ಹಿಂದೆ ಕರೆದುಕೊಂಡು ಹೋದೆ. “ಆಚಾರಿ, ಹತ್ತಬೇಡ. ಗೌಡರನ್ನೂ ಹತ್ತಿಸಬೇಡ. ಆ ಪುಸ್ತಕ ಇಂಗ್ಲಿಷಲ್ಲ. ನನಗೆ ಅದರ ಒಂದು ಮಾತೂ ತಿಳಿಯದು. ಎರಡು ತಿಂಗಳು ನಾನು ಓದಿದ್ದೆಲ್ಲ ಬೊಗಳೆ” ಎಂದೆ.

ಅವನು ಬಟ್ಟೆಯಿಂದ ಬೆರಳು ಒರೆಸಿಕೊಳ್ಳುತ್ತಾ, “ಗೊತ್ತು ಬುದ್ದಿ” ಎಂದ.

“ಏನು ಗೊತ್ತು?”

“ಒಂದೇ ಪುಟಾನ ಮೂರ್ ಭಾನ್ವಾರ ಓದುದ್ರಿ. ಒಂದಪ ಚಕ್ರ ಅಂದ್ರಿ, ಒಂದಪ ತೊಟ್ಟಿ ಅಂದ್ರಿ, ಇನ್ನೊಂದಪ ಚರ್ಮ ಅಂದ್ರಿ. ನಂಗೆ ಓದಕ್ ಬರಾಕಿಲ್ಲ ನಿಜ, ಚಿತ್ರ ನೋಡಕ್ ಬರಾಕಿಲ್ವಾ?”

“ಮತ್ತೆ ಯಾಕೆ ಸುಮ್ಮನಿದ್ದೆ?”

“ಓದೋರು ಒಬ್ರು ಕುಂತವ್ರೆ ಅಂತ ತಾನೇ ಗೌಡ್ರು ನನ್ ಕೈಗೆ ಗಾಡಿ ಕೊಟ್ಟಿದ್ದು? ನೀವು ಬರಾಕಿಲ್ಲ ಅಂದಿದ್ರೆ ಅದು ಮದ್ರಾಸ್ಗೆ ಓಗ್ತಿತ್ತು. ಮೂವತ್ ವರ್ಸ ಗುದ್ಲಿ, ಕುಡ್ಗೋಲು ತಟ್ಟಿವ್ನಿ ಬುದ್ದಿ. ಇಂತಾದ್ದು ಇನ್ನೊಂದ್ ನಂಗ್ ಸಿಕ್ತಿತ್ತಾ? ನಾನು ಶನಿವಾರ್ವೇ ಕೆಲ್ಸ ಮಾಡಿ ನೋಡ್ತಿದ್ದೆ, ಭಾನ್ವಾರ ನಿಮ್ಮ ಕೇಳ್ತಿದ್ದೆ. ಬಿರಿಗೂ ಒಸ ಚರ್ಮ ಆಕಿವ್ನಿ, ಐದ್ ಸಲ ಇಳಿಜಾರಲ್ ನಿಲ್ಸಿ ನೋಡಿವ್ನಿ. ಎದ್ರಬೇಡಿ. ಅರಳೆಣ್ಣೆ ಒಂದು ನಿಮ್ದೇಯ. ಅದು ಎಂಗ್ ಒಳೀತು ನಿಮ್ಗೆ?”

ನಾನು ನೆತ್ತಿ ಮುಟ್ಟಿಕೊಂಡೆ. ಅವನು ನಕ್ಕು ಹೋಗಿ ಗೌಡರ ಪಕ್ಕ ಹತ್ತಿ ಕುಳಿತ.

ಓಟ ನಾಲ್ಕು ಸುತ್ತು. ನಮ್ಮ ಮೋಟಾರು ಎರಡನೆಯದಾಗಿ ಬಂತು. ಮೊದಲು ಬಂದದ್ದು ಒಬ್ಬ ದೊರೆಯದು. ದೊರೆಯ ಹಿಂದೆ ಬರುವುದೆಂದರೆ ನಮ್ಮವರಲ್ಲಿ ಮೊದಲು ಬಂದಂತೆಯೇ ಎಂದು ಹದಿನಾರಿನವರೆಲ್ಲ ತೀರ್ಮಾನಿಸಿ ಕೂಗಿ ಕುಣಿದರು. ಮೋಟಾರು ಗೆರೆ ದಾಟಿ, ನಿಲ್ಲಬೇಕಾದ ಜಾಗದಲ್ಲೇ ನಿಂತಾಗ ನನ್ನ ಕಣ್ಣಲ್ಲಿ ನೀರು ಬಂತು. ಗೌಡರು ಇಳಿದರು, ತಮ್ಮ ಕೊರಳಿಗೆ ಬಿದ್ದ ಹಾರ ತೆಗೆದರು, ನೇರ ನನ್ನ ಹತ್ತಿರ ಬಂದು ನನ್ನ ಕೊರಳಿಗೆ ಹಾಕಿದರು. “ಎಲ್ಲ ನಮ್ ಮೇಷ್ಟ್ರು ಓದಿದ್ ಪುಣ್ಯ ಕಣ್ರಪ್ಪಾ!”

ಆಗ ಹೇಳಿದೆ. ಅಷ್ಟು ಜನರ ಮುಂದೆ, ಗಟ್ಟಿಯಾಗಿ ಹೇಳಿದೆ. “ಗೌಡರೇ, ನನಗೆ ಆ ಪುಸ್ತಕದ ಒಂದಕ್ಷರವೂ ಬರುವುದಿಲ್ಲ. ಇದೆಲ್ಲ ಮುದ್ದಾಚಾರಿಯ ಬುದ್ಧಿ.”

ಗೌಡರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಜನರ ಕಡೆ ತಿರುಗಿ, “ನೋಡ್ರಲಾ, ಓದ್ದೋರ್ ವಿನಯ ಅಂದ್ರೆ ಇದು!” ಎಂದರು. ಚಪ್ಪಾಳೆ ಬಿತ್ತು. ಮುದ್ದಾಚಾರಿ ಆ ಕಡೆ ಮೋಟಾರಿನ ಕೆಳಗೆ ಬಗ್ಗಿ ಏನೋ ನೋಡುತ್ತಿದ್ದ.

ಎರಡನೆಯ ಸಲ ಹೇಳಿದ್ದರೆ ನಂಬುತ್ತಿದ್ದರೇನೋ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಹಾರ ಬಹಳ ಘಮಘಮಿಸುತ್ತಿತ್ತು. ನಾನು ಹೇಳಲಿಲ್ಲ.