ಲೆಕ್ಕದ ಮುಯ್ಯಾಳು

ಸಿಇಟಿಯ ಗಟ್ಟಿ ಲೆಕ್ಕಗಳನ್ನು ಕಲಿಸುವುದಕ್ಕೆ ಶ್ರೀರಂಗಪಟ್ಟಣದ ಟ್ಯೂಷನ್ನಿನವರು ಕೇಳಿದ್ದು ಹೆಚ್ಚುಕಡಿಮೆ ಒಂದು ಕರೆಯುವ ಹಸುವಿನ ಬೆಲೆ. ದೇವರಾಜುವಿನ ಕೊಟ್ಟಿಗೆಯಲ್ಲಿದ್ದದ್ದೂ ಒಂದೇ ಹಸು. ಅದನ್ನು ಮಾರಿದರೆ ಮಗಳಿಗೆ ಲೆಕ್ಕ ಬರುತ್ತದೆ, ಡೇರಿ ದುಡ್ಡು ನಿಲ್ಲುತ್ತದೆ. ಆಮೇಲೆ ಕಾಲೇಜಿನ ಫೀಜು ಕಟ್ಟುವುದು ಯಾವುದರಲ್ಲಿ?

ಪರೀಕ್ಷೆಗೆ ಮುಂಚೆ ಉಳಿದದ್ದು ಅದೊಂದೇ ಭಾನುವಾರ. ಮಗಳು ಮೇಘನ ಇಂಟಿಗ್ರೇಷನ್ ಲೆಕ್ಕಗಳ ಮುಂದೆ ಮುದ್ದೆ ಮುಟ್ಟದೆ ಕೂತಿದ್ದಳು. ಅವು ಕೈಕೊಟ್ಟರೆ ಇಂಜಿನಿಯರಿಂಗಿನ ಸರ್ಕಾರಿ ಸೀಟು ಕೈತಪ್ಪುತ್ತದೆ ಎಂಬುದು ಅಪ್ಪನಿಗೂ ಗೊತ್ತಿತ್ತು.

ದೇವರಾಜು ಮಗಳ ಪುಸ್ತಕ ಹಿಡಿದು ಸೀದಾ ಹೈಸ್ಕೂಲಿನ ರವೀಂದ್ರ ಮೇಷ್ಟ್ರ ಮನೆಗೆ ಹೋದ. ಅವರ ಊರು ಕ್ಯಾತನಹಳ್ಳಿಯಲ್ಲಿ ಕೂಲಿಗೆ ದುಡ್ಡಿಲ್ಲದವರಿಗೆ ಮುಯ್ಯಾಳು ಇದ್ದೇ ಇದೆ. ಇವತ್ತು ನಾನು ನಿನ್ನ ಹೊಲದಲ್ಲಿ ದುಡಿದರೆ, ನೀನೂ ನನಗೊಂದು ದಿನ ದುಡಿಯಬೇಕು.

“ಸಾ, ನಿಮ್ ಕಬ್ಬಿನ ಒಣಗರಿ ನಾನ್ ಸುಲ್ದು ಕೊಡ್ತೀನಿ. ನೀವು ನಮ್ ಮೇಘನಂಗೆ ಲೆಕ್ಕ ಏಳ್ಕೊಡಿ. ಮುಯ್ಯಿಗೆ ಮುಯ್ಯಿ.”

ಮೇಷ್ಟ್ರು ಪುಸ್ತಕ ತೆರೆದು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. “ಆಗ್ಲಿ ದೇವರಾಜು, ಏನಾದ್ರೂ ಮಾಡಣ,” ಎಂದರು. ದೇವರಾಜು ಅಷ್ಟಕ್ಕೇ ಪಂಚೆ ಎತ್ತಿ ಕಟ್ಟಿ ಅವರ ಕಬ್ಬಿನ ಹೊಲಕ್ಕೆ ಇಳಿದ.

ಒಂದು ಸಾಲು ಮುಗಿದಿರಲಿಲ್ಲ, ಬದುವಿನ ಮೇಲೆ ಪಕ್ಕದ ಗದ್ದೆಯ ಕುಳ್ಳಯ್ಯ ಪ್ರತ್ಯಕ್ಷನಾದ.

“ಇದೇನ್ಲಾ, ನಿನ್ ಗದ್ದೆ ದಾರಿ ಮರ್ತೋಯ್ತಾ?”

ದೇವರಾಜುವಿನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ವಿಷಯ ಕೇಳಿದ್ದೇ ತಡ, ಕುಳ್ಳಯ್ಯ ಬೀಡಿ ಎಸೆದು ಕಬ್ಬಿನೊಳಕ್ಕೆ ಇಳಿದ.

“ನಮ್ ರಾಹುಲನೂ ಸಿಇಟಿ ಬರೀತಾವ್ನೆ ಕಣ್ಲಾ. ನಂದೂ ಒಂದ್ ಮುಯ್ಯಿ ಇರ್ಲಿ.”

“ಲೇ, ಇದು ನನ್ ಮುಯ್ಯಿ! ಇರೋರು ಒಬ್ರೇ ಮೇಷ್ಟ್ರು!”

“ಕಬ್ಬು ಬೇಕಾದಂಗದೆ, ಸುಮ್ಕಿರು.”

ಸ್ವಲ್ಪ ಹೊತ್ತಿಗೆ ಸುದ್ದಿ ಕೇಳಿ ಮುದುಕ ಚಿಕ್ಕಸ್ವಾಮಿಯೂ ಬಂದ. ಅವನ ಮೊಮ್ಮಗ ಇನ್ನೂ ಅಂಗನವಾಡಿ. “ಇರ್ಲಿ ಬುಡ್ಲಾ, ಮುಂದುಕ್ಕಾಯ್ತದೆ,” ಎಂದ.

ದೇವರಾಜು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬಂದವರೆಲ್ಲ ಮೇಷ್ಟ್ರ ಹೊತ್ತಿನಲ್ಲಿ ಪಾಲು ಕೇಳಿದರೆ ಮಗಳಿಗೆ ಉಳಿಯುವುದೇನು? ಜಾಸ್ತಿ ಸುಲಿದವನ ಮಗುವಿಗೆ ಜಾಸ್ತಿ ಲೆಕ್ಕ ಎಂದು ತಾನೇ ತೀರ್ಮಾನಿಸಿ, ಕಾಡುಹಂದಿಯಂತೆ ನುಗ್ಗಿದ. ಗರಿಯ ಅಂಚು ತೋಳಿನ ತುಂಬ ಗೀರೆಳೆಯಿತು. ಅವನನ್ನು ಹಿಂದೆ ಹಾಕಲು ಹೋಗಿ ಕುಳ್ಳಯ್ಯ ನಿಂತ ಕಬ್ಬನ್ನೇ ಮುರಿದ. ಮೇಷ್ಟ್ರಿಗೆ ಕಾಣಬಾರದೆಂದು ಮೂವರೂ ಕೂತು ಅದನ್ನು ತಿಂದು ಮುಗಿಸಿದರು. ಹೊತ್ತು ಮುಳುಗುವಷ್ಟರಲ್ಲಿ ಹೊಲವೆಲ್ಲ ಕ್ಷೌರ ಮಾಡಿಸಿಕೊಂಡ ಮದುವಣಿಗನಂತೆ ನಿಂತಿತ್ತು.

ದೇವರಾಜು ಮನೆ ಮುಟ್ಟುವುದಕ್ಕೂ ಮೇಷ್ಟ್ರ ಸ್ಕೂಟರು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಹಿಂದಿನಿಂದ ಮೇಘನ ಇಳಿದಳು.

“ಎಲ್ಲಿಗೋಗಿದ್ರಿ ಸಾ?”

“ಹೊಸಹೊಳಲಿಗೆ. ಆ ಲೆಕ್ಕ ನನ್ನ ಕೈಲಾಗೋದಲ್ಲ ಕಣಪ್ಪ. ಅಲ್ಲಿ ನನ್ನ ಸ್ನೇಹಿತ ಅಶೋಕ ಅವ್ನೆ, ಪಿಯು ಕಾಲೇಜಿನ ಗಣಿತದ ಲೆಕ್ಚರರು. ಅವನತ್ರ ಬಿಟ್ಟಿದ್ದೆ.”

“ಇನ್ನೂ ಒಳ್ಳೇದಾಯ್ತು ಬುಡಿ!” ದೇವರಾಜು ಮಗಳ ಕಡೆ ತಿರುಗಿದ. “ಎಷ್ಟು ಲೆಕ್ಕ ಬಂದೊ ಮಗ?”

“ಒಂದೂ ಇಲ್ಲ ಕಣಪ್ಪ. ಅಶೋಕ್ ಸರ್ ಮಗಳು ಸ್ನೇಹನೂ ಸಿಇಟಿ ಬರೀತಾವ್ಳೆ, ಬಯಾಲಜಿ ತಲೆಗೇ ಹೋಗಲ್ವಂತೆ. ಮೊದ್ಲು ನಾನು ಅವ್ಳಿಗೆ ಏಳ್ಕೊಟ್ರೆ, ಆಮೇಲೆ ಅವ್ರು ನಂಗೆ ಲೆಕ್ಕ ಏಳ್ಕೊಡ್ತಾರಂತೆ. ಅವ್ರದ್ದೂ ಮುಯ್ಯೀನೇ! ಅವ್ಳಿಗೆ ಅರ್ಥ ಆಗೋ ಹೊತ್ಗೆ ಸಂಜೆ ಆಗೋಯ್ತು.”

“ನಾಳೆ ಏಳ್ಕೊಡಲ್ವಾ?”

“ನಾಳೆಯಿಂದ ಅವ್ರಿಗೆ ಪರೀಕ್ಷೆ ಡ್ಯೂಟಿ.”

ಅಷ್ಟರಲ್ಲಿ ಕುಳ್ಳಯ್ಯ ಮಗ ರಾಹುಲನ ರಟ್ಟೆ ಹಿಡಿದು ಬರುವುದು ಕಂಡಿತು. ಮೇಷ್ಟ್ರು ಸ್ಕೂಟರು ತಿರುಗಿಸಿ ಮಾಯವಾದರು.

ಮೇಘನ ಅಪ್ಪನ ತೋಳು ನೋಡಿ ಒಳಗೆ ಓಡಿ, ಕೊಬ್ಬರಿ ಎಣ್ಣೆ ತಂದು ಗೀರುಗಳಿಗೆ ಹಚ್ಚತೊಡಗಿದಳು. ಬೈಯಬೇಕೆಂದಿದ್ದ ದೇವರಾಜು ಇನ್ನೊಂದು ತೋಳನ್ನೂ ಮುಂದೆ ಚಾಚಿದ.

“ಆ ಮಗೀಗೆ ಅರ್ಥ ಆಯ್ತೇನವ್ವ?”

“ಚೆನ್ನಾಗಾಯ್ತು ಕಣಪ್ಪ.”

“ಆಗ್ಲಿ ಬುಡು.”

ಆ ಭಾನುವಾರ ಮೇಷ್ಟ್ರ ಕಬ್ಬು ಹಸನಾಯಿತು, ಹೊಸಹೊಳಲಿನ ಹುಡುಗಿಗೆ ಬಯಾಲಜಿ ಬಂತು. ಮೇಘನಳಿಗೆ ಇಂಟಿಗ್ರೇಷನ್ ಬರಲಿಲ್ಲ.