ವೈರಿಯ ಅಂಗಡಿಯಲ್ಲಿ ನಮ್ಮ ಕಾಕಾ

ನಮ್ಮ ಬಡಾವಣೆಯ ದೊಡ್ಡ ರಿಯಾಯಿತಿ ಅಂಗಡಿಯಲ್ಲಿ ನಮ್ಮ ಕಾಕಾನಷ್ಟು ನಿಷ್ಠೆಯಿಂದ ದುಡಿಯುವವರು ಇನ್ನೊಬ್ಬರಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹಾಜರು. ಜ್ವರ ಬಂದಾಗ ಬಿಟ್ಟರೆ ಒಂದು ದಿನವೂ ರಜೆ ಹಾಕಿದವರಲ್ಲ. ಪಗಾರ ಹೆಚ್ಚಿಸಿ ಎಂದು ಕೇಳಿದವರೂ ಅಲ್ಲ. ಅಂಗಡಿಯವರು ಅವರನ್ನು ಕೆಲಸಕ್ಕೇ ಇಟ್ಟುಕೊಂಡಿಲ್ಲ ಎಂಬುದೊಂದು ಸಣ್ಣ ಕೊರತೆ, ಅಷ್ಟೇ!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ವಿಜಯಪುರದ ಕಡೆಯಿಂದ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನ ಹತ್ತಿರದ ಓಣಿಯೊಂದರಲ್ಲಿ ಕಿರಾಣಿ ಅಂಗಡಿ ಇಟ್ಟು ಮೂವತ್ತು ವರ್ಷ ನಡೆಸಿದವರು. ಆಮೇಲೆ, ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ ಈ ರಿಯಾಯಿತಿ ಅಂಗಡಿ ಬಂತು. ಊರೂರಲ್ಲಿ ಶಾಖೆಗಳಿರುವ ಕಂಪನಿ. ಮೂರು ಅಂತಸ್ತು. ಗೋಧಿ ಹಿಟ್ಟಿನಿಂದ ಹವಾಯಿ ಚಪ್ಪಲಿಯವರೆಗೆ ಎಲ್ಲವೂ ಇದೆ, ಎಲ್ಲವೂ ಪೊಟ್ಟಣದ ಮೇಲೆ ಛಾಪಿಸಿದ ಬೆಲೆಗಿಂತ ಅಗ್ಗ. ಸಗಟು ವ್ಯಾಪಾರಿಗಳು ಕಾಕಾನಿಗೆ ಕೊಡುತ್ತಿದ್ದ ದರಕ್ಕಿಂತ ಕಡಿಮೆಗೆ ಅಲ್ಲಿ ಗಿರಾಕಿಗೇ ಎಣ್ಣೆ ಸಿಗುತ್ತಿತ್ತು! ಸಣ್ಣ ಅಂಗಡಿಯವರು ಏನು ಮಾಡಬೇಕು? ಕಾಕಾ ಎರಡು ವರ್ಷ ನೋಡಿದರು. ಆಮೇಲೆ ಅಂಗಡಿ ಮುಚ್ಚಿದರು.

ಮುಚ್ಚಿ ಮನೆಯಲ್ಲಿ ಕೂತರು. ಎರಡು ದಿನ ಸುಮ್ಮನೆ ಕೂತರು. ಮೂರನೆಯ ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಹೆಚ್ಚು ಖರ್ಚಾಗುವವು ಮುಂದೆ, ಕಡಿಮೆ ಖರ್ಚಾಗುವವು ಹಿಂದೆ ಎಂದು ಹೊಸದಾಗಿ ಜೋಡಿಸಿದರು. ಒಗ್ಗರಣೆಯ ಎಣ್ಣೆ ಕಾದು ಹೊಗೆಯಾಡುತ್ತಿದ್ದರೂ ಅವರ ಹೆಂಡತಿ, ನಮ್ಮ ಕಾಕುವಿಗೆ ಇಂಗು ಸಿಗಲಿಲ್ಲ.

"ಎಲ್ಲಿಗಾದ್ರೂ ಹೋಗ್ರಿ ನೀವು," ಎಂದರು ಕಾಕು. "ಊಟದ ಹೊತ್ತಿನ ತನಕಾ ಬರಬ್ಯಾಡ್ರಿ."

ಮರುದಿನ ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿಸೆಗೆ ಪೆನ್ನು ಸಿಕ್ಕಿಸಿ, "ಅಂಗಡಿಗೆ ಹೋಗಿ ಬರ್ತೇನಿ" ಎಂದು ಹೊರಟರು. ಯಾವ ಅಂಗಡಿ ಎಂದು ಯಾರೂ ಕೇಳಲಿಲ್ಲ. ಕೇಳಬೇಕಿತ್ತು. ಅವರು ನೆಟ್ಟಗೆ ವೈರಿಯ ಅಂಗಡಿಗೇ ಹೋಗಿದ್ದರು!

"ಅಲ್ಲಿಗ್ಯಾಕ ಹೋಗಿದ್ರಿ?" ಎಂದು ಕಾಕು ತಲೆ ಹಿಡಿದುಕೊಂಡರು.

"ನನ್ನ ಗಿರಾಕಿಗೋಳು ಎಲ್ಲಾರೂ ಅಲ್ಲೇ ಅದಾರ," ಎಂದರು ಕಾಕಾ. "ಅವರನ್ನ ಹೆಂಗ ನೋಡ್ಕೋತಾರ ಅಂತ ನೋಡಬೇಕಲ್ಲ?"

ನೋಡಿಕೊಳ್ಳುವುದು ಎಂದರೆ ಏನೆಂದು ನನಗೆ ತಿಳಿದದ್ದು ಒಂದು ಭಾನುವಾರ ಅವರ ಜೊತೆ ಹೋದಾಗ. ಮರಾಠಿಯಲ್ಲೂ ಕಾಕಾ ಎಂದರೆ ಕಾಕಾನೇ ಆದ್ದರಿಂದ ಅಲ್ಲಿ ಎಲ್ಲರಿಗೂ ಅವರು ಕಾಕಾ. ಒಬ್ಬ ಹೆಂಗಸು "ಕಾಕಾ, ಸಾಖರ್ ಕುಠೆ?" ಎಂದು ಸಕ್ಕರೆಯ ಜಾಗ ಕೇಳಿದಳು. ಕಾಕಾ ಮರಾಠಿಯಲ್ಲೇ ದಾರಿ ತೋರಿಸಿದರು. ತೋರಿಸಿ, ಇವತ್ತು ಒಯ್ಯಬೇಡ, ಬುಧವಾರ ಬೆಲೆ ಇನ್ನೂ ಇಳಿಯುತ್ತದೆ ಎಂದೂ ಹೇಳಿದರು. ಅವಳು ಕೈಮುಗಿದು ಖಾಲಿ ಚೀಲದೊಂದಿಗೆ ಹೊರಟುಹೋದಳು.

ಇನ್ನೊಂದು ಸಾಲಿನಲ್ಲಿ ಬೆಂಗಳೂರಿನ ಕಡೆಯ ಒಬ್ಬ ಸಾಫ್ಟ್‌ವೇರ್ ತರುಣ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತ, ಶೌಚಾಲಯ ತೊಳೆಯುವ ದ್ರವದ ಆರು ಬಾಟಲಿಗಳನ್ನು ಗಾಡಿಗೆ ಹಾಕುತ್ತಿದ್ದ. ಕಾಕಾ ಅವನ ಫೋನು ಮುಗಿಯುವವರೆಗೆ ಸೌಜನ್ಯದಿಂದ ಕಾದರು.

"ನಿಮ್ಮ ಮನ್ಯಾಗ ಸಂಡಾಸ ಎಷ್ಟು ಅದಾವ್ರಿ?"

ಅವನು ಬೆಚ್ಚಿದ. "ಒಂದು, ಅಂಕಲ್."

"ಮಂದಿ?"

"ನಾನು, ನನ್ನ ರೂಮ್‌ಮೇಟು."

"ಹೊಟ್ಟಿ ಎಲ್ಲಾ ಆರಾಮ ಅವ ಏನ್ರಿ ಇಬ್ಬರದೂ?"

"ಅಯ್ಯೋ, ಆರಾಮಾಗಿದೀವಿ ಅಂಕಲ್! ಎರಡು ತಗೊಂಡ್ರೆ ಒಂದು ಫ್ರೀ ಅಂತ ಆಫರ್ ಇದೆ, ಅದಕ್ಕೇ..."

"ಪುಕ್ಕಟೆ ಅದ ಖರೆ. ತೊಳ್ಯಾವ್ರು ಯಾರು?"

ತರುಣ ಗಾಡಿಯತ್ತ ನೋಡಿದ. ಬಹುಶಃ ರೂಮ್‌ಮೇಟ್ ಬಗ್ಗೆ ಯೋಚಿಸಿದ. ಐದು ಬಾಟಲಿ ವಾಪಸ್ ಇಟ್ಟ.

ಹೀಗೆ ಯಾವ ಕಂಪನಿ ತಾನೇ ಎಷ್ಟು ದಿನ ತಡೆದುಕೊಂಡೀತು? ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಡಿಯಲ್ಲಿ ಎಲ್ಲರೂ 'ಬಾಯಿ' ಎಂದು ಕರೆಯುವ ಮ್ಯಾನೇಜರ್ ಹೆಂಗಸಿನಿಂದ ಕರೆ ಬಂತು. ಮನೆಯ ಜವಾಬ್ದಾರಿಯುತ ವ್ಯಕ್ತಿ ಯಾರಾದರೂ ಬರಬೇಕಂತೆ. ಕಾಕು ನನ್ನನ್ನು ಕಳಿಸಿದರು. ಶಾಲಾ ಶಿಕ್ಷಕಿಯಾದ ನಾನು ಪಾಲಕರನ್ನು ಕರೆಸಿ ಗೊತ್ತಿದೆ. ಪಾಲಕಳಾಗಿ ಹೋಗಿದ್ದು ಅದೇ ಮೊದಲು.

ಕಾಕಾನನ್ನು ಎದುರಿಗೇ ಕೂರಿಸಿಕೊಂಡು ಆ ಬಾಯಿ ಕ್ಯಾಮೆರಾದ ದೃಶ್ಯ ತೋರಿಸಿದಳು. ಕಾಕಾ ಅತ್ತಿತ್ತ ನೋಡಿ, ಬಿಲ್ ಮಾಡುವ ಜಾಗದ ಪಕ್ಕದಲ್ಲಿ ಮೊಣಕಾಲೆತ್ತರಕ್ಕಿದ್ದ ಚಾಕೊಲೇಟುಗಳನ್ನೆಲ್ಲ ಎತ್ತಿ ತಲೆಯೆತ್ತರದ ಹಲಗೆಗೆ ಸಾಗಿಸುತ್ತಿದ್ದಾರೆ. ಅಂಗಡಿಯಲ್ಲಿ ಕದಿಯುವವರನ್ನು ಅವಳು ಕಂಡಿದ್ದಳಂತೆ. ಜೋಡಿಸುವವರನ್ನು ಕಂಡಿರಲಿಲ್ಲ.

"ಕೆಳಗ ಇಟ್ಟರ ಸಣ್ಣ ಮಕ್ಕಳ ಕೈಗೆ ಸಿಗತಾವು," ಎಂದು ಕಾಕಾ, ಮರಾಠಿ ಬಂದರೂ ಮುನಿಸಿನಿಂದ ಅವಳತ್ತ ತಿರುಗದೆ, ನನಗೆ ಕನ್ನಡದಲ್ಲಿ ತಿಳಿಸಿದರು. "ಮಕ್ಕಳು ಹಟಾ ಹಿಡೀತಾವು, ಅವ್ವಗೋಳು ಬಡೀತಾರ. ಈಕಿಗೆ ಹೇಳು."

ಹೇಳಿದೆ. ಸಿಗಲಿ ಎಂದೇ ಕಂಪನಿಯವರು ಅಲ್ಲಿ ಇಡಿಸಿದ್ದಾರೆ ಎಂದಳು ಬಾಯಿ. ಕಾಕಾನಿಗೆ ಅದು ನೇರವಾಗಿಯೇ ಕೇಳಿಸಿತ್ತು. ಅವರು ಅವಳ ಮುಖವನ್ನೇ ನೋಡಿದರು. ಅವಳು ಕಣ್ಣು ಕೆಳಗೆ ಹಾಕಿ, ತನಗೂ ಒಬ್ಬ ಮಗಳಿದ್ದಾಳೆ, ಅವಳನ್ನು ಇಲ್ಲಿಗೆ ಕರೆತರುವುದಿಲ್ಲ ಎಂದಳು. ಮರುಕ್ಷಣವೇ ಮ್ಯಾನೇಜರ್ ಆಗಿ, ಇನ್ನು ಮುಂದೆ ಏನಾದರೂ ಕೊಳ್ಳುವುದಿದ್ದರೆ ಮಾತ್ರ ಒಳಗೆ ಬರಬೇಕು ಎಂದು ತೀರ್ಪು ಕೊಟ್ಟಳು. ಕಾಕಾ ನಿಯಮ ಪಾಲಿಸಿದರು. ದಿನಕ್ಕೊಂದು ಕಡ್ಡಿಪೆಟ್ಟಿಗೆ ಕೊಂಡರು. ಕಾಕು ಒಲೆ ಹಚ್ಚುವುದು ಲೈಟರಿನಿಂದ.

ಕಳೆದ ತಿಂಗಳು ಜ್ವರ ಬಂದು ಎದ್ದ ಮೇಲೆ, ಒಬ್ಬರನ್ನೇ ಕಳಿಸಲು ಕಾಕು ಒಪ್ಪಲಿಲ್ಲ. ನಾನು ಜೊತೆಗೆ ಹೋದೆ. ಸಾಬೂನಿನ ಸಾಲಿನ ತುದಿಯಲ್ಲಿ ಹಳೆಯ ಓಣಿಯ ಗಿರಾಕಿ, ನಾವೆಲ್ಲ ವೈನಿ ಎಂದು ಕರೆಯುವ ಹೆಂಗಸು, ತುಂಬಿದ ಗಾಡಿ ತಳ್ಳಿಕೊಂಡು ಬಂದವಳು ಕಾಕಾನನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಕಾಕಾ ಥಟ್ಟನೆ ಬೆನ್ನು ತಿರುಗಿಸಿ, ಒಂದು ಸಾಬೂನನ್ನು ಮೂಗಿನ ಹತ್ತಿರ ಹಿಡಿದುಕೊಂಡು ಓದತೊಡಗಿದರು. ಅವಳು ದಾಟಿ ಹೋಗುವವರೆಗೂ ಓದಿದರು. ಕನ್ನಡಕ ಕಿಸೆಯಲ್ಲಿತ್ತು.

"ಯಾಕ ಮಾತಾಡಸಲಿಲ್ಲ, ಕಾಕಾ?"

"ಆಕಿಗೆ ಸಂಕೋಚ ಆಗ್ತಿತ್ತು."

ಮನೆಗೆ ಬೇಕಾದ ಸಾಮಾನು ಕೊಂಡು ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದ ಮಾತು ಅದು.

"ಕಾಕಾ, ನಿಮ್ಮ ಅಂಗಡಿ ಇದ್ದಾಗ ನಾನೂ ಇಲ್ಲಿಗೆ ಬರ್ತಿದ್ದೆ. ಶನಿವಾರ ಸಂಜೀಕ. ನೀವು ನೋಡಬಾರದು ಅಂತ ಚೀಲಾ ತಗೊಂಡು ಹಿಂದಿನ ಗಲ್ಲಿಯಿಂದ ಹೋಗ್ತಿದ್ದೆ."

"ಗೊತ್ತದ," ಎಂದರು ಕಾಕಾ, ರಸ್ತೆ ದಾಟಲು ರಿಕ್ಷಾಗಳನ್ನು ನೋಡುತ್ತ. "ಆ ಗಲ್ಲ್ಯಾಗ ಗಟಾರಕ್ಕಂತ ಅಗದು ಹಂಗ ಬಿಟ್ಟಿದ್ರು. ಎರಡೂ ಕೈಯಾಗ ಚೀಲಾ ಹಿಡಕೊಂಡು ಎಲ್ಲಿ ಬೀಳ್ತಿ ಅಂತ ನನಗ ಚಿಂತಿ. ಅದಕ್ಕ ಶನಿವಾರ ಐದಕ್ಕ ಶಟರ್ ಎಳ್ಯಾಕ ಚಾಲೂ ಮಾಡಿದೆ. ನೀ ಮುಂದಿನ ರಸ್ತಾದಿಂದ ಹೋಗ್ಲಿ ಅಂತ."

ಕಿರಾಣಿ ಅಂಗಡಿಗೆ ಶನಿವಾರ ಸಂಜೆ ಎಂದರೆ ವಾರದಲ್ಲೇ ಹೆಚ್ಚು ವ್ಯಾಪಾರದ ಹೊತ್ತು. ಆ ಸಂಜೆಗಳಲ್ಲಿ ಮುಚ್ಚಿದ ಶಟರಿನ ಮುಂದೆ ಹಾದುಹೋಗುವಾಗ, ಸದ್ಯ, ಕಾಕಾ ಇಲ್ಲ ಎಂದು ನಾನು ಎಷ್ಟು ನಿರಾಳವಾಗಿ ನಡೆದಿದ್ದೆ!

ನಾನು ರಸ್ತೆ ದಾಟದೆ ಅಲ್ಲೇ ನಿಂತೆ. ಕಾಕಾ ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಚೀಲ ನೋಡಿದರು.

"ಭಾಳ ವಜ್ಜಾ ಅದ," ಎಂದರು. "ಇತ್ತ ಕೊಡು."

ಜ್ವರದಿಂದ ಎದ್ದ ಮನುಷ್ಯ. ನಾನು ಚೀಲದ ಒಂದು ಹಿಡಿಕೆ ಅವರಿಗೆ ಕೊಟ್ಟೆ. ಇನ್ನೊಂದನ್ನು ನಾನು ಹಿಡಿದುಕೊಂಡೆ. ಇಬ್ಬರೂ ಮುಂದಿನ ರಸ್ತೆಯಿಂದಲೇ ಮನೆಗೆ ಹೋದೆವು.